ಅಶೋಕನ ಹೂಳು

ನಾನು ಡಿಗ್ರಿ ಮಾಡುವುದು ಆಗದ ಕೆಲಸ ಎಂದು ಮೊದಲು ಹೇಳಿದವರು ನಮ್ಮ ದೊಡ್ಡಪ್ಪ. ಎರಡನೆಯ ಸಲ ಹೇಳಿದವರೂ ಅವರೇ. ಮೊದಲ ಸಲ ಹೇಳಿದ್ದು ನನಗೆ ಸರಿಯಾಗಿ ಕೇಳಿಸಲಿಲ್ಲವೇನೋ ಎಂಬ ಕಾಳಜಿಯಿಂದ. ಇದಕ್ಕಾಗಿ ನಾನು ಅವರ ಮೇಲೆ ಕೋಪ ಮಾಡಿಕೊಂಡವಳಲ್ಲ. ಯಾಕೆಂದರೆ ಇದೇ ದೊಡ್ಡಪ್ಪ ಕೆರೆ ಏರಿಯ ಮೇಲೆ ಟವೆಲು ಹಾಸಿ ಕೂತು ಅಕ್ಬರ್ ಬಾದಶಹನನ್ನು ಫೇಲು ಮಾಡಿದ್ದಾರೆ. ತುಘಲಕ್‌ನನ್ನು ಪರೀಕ್ಷೆಗೇ ಕೂರಿಸಲಿಲ್ಲ. ಅಂಥವರ ಸಾಲಿನಲ್ಲಿ ನನ್ನನ್ನೂ ನಿಲ್ಲಿಸಿದರೆ ಬೇಸರಪಡಬೇಕೋ, ಹೆಮ್ಮೆಪಡಬೇಕೋ, ನೀವೇ ಹೇಳಿ.

ದೊಡ್ಡಪ್ಪ ಎಂದರೆ ನಮ್ಮಪ್ಪನ ಅಣ್ಣ. ಮಾಗಡಿ ತಾಲ್ಲೂಕಿನಲ್ಲಿ, ಕಲ್ಯ ಎಂಬ ಊರಿನಿಂದ ನಡೆದೇ ಹೋಗಬಹುದಾದಷ್ಟು ದೂರದಲ್ಲಿರುವ ನಮ್ಮೂರಿನ ಕೆರೆಗೆ ಅವರು ನೀರುಗಂಟಿ. ಈ ಹುದ್ದೆ ಪಟ್ಟಣದವರಿಗೆ ಗೊತ್ತಿರಲಿಕ್ಕಿಲ್ಲ. ಕೆರೆಯ ತೂಬು ಎತ್ತಿ ಗದ್ದೆ ಬಯಲಿಗೆ ನೀರು ಬಿಡುವುದು, ಯಾರಿಗೆ ಯಾವ ಹೊತ್ತು ಎಷ್ಟು ನೀರು ಎಂದು ತೀರ್ಮಾನ ಮಾಡುವುದು, ಆ ತೀರ್ಮಾನ ಒಪ್ಪದವರ ಕೈಲಿ ಬೈಸಿಕೊಳ್ಳುವುದು, ಇಷ್ಟೇ ಕೆಲಸ. ಮುತ್ತಜ್ಜನ ಕಾಲದಿಂದ ಅದು ನಮ್ಮ ಮನೆಯದು. ಈಗ ಅರ್ಧ ಬಯಲಿಗೆ ಬೋರ್‌ವೆಲ್ ಬಂದಿದೆ, ಇನ್ನರ್ಧಕ್ಕೆ ತೆಂಗು ಬಿದ್ದಿದೆ. ಆದರೂ ದೊಡ್ಡಪ್ಪ ದಿನಾ ಬೆಳಿಗ್ಗೆ ಎದ್ದು ಕೆರೆಯನ್ನು ನೋಡಿಕೊಂಡು ಬರುತ್ತಾರೆ. ನೀರಿರಲಿ, ಇಲ್ಲದಿರಲಿ.

“ನೀರೇ ಇಲ್ದಿದ್ ಮ್ಯಾಲೆ ಅದೇನ್ ನೋಡಾಕೆ ಹೋಯ್ತೀಯ?” ಎಂದು ದೊಡ್ಡವ್ವ ಒಮ್ಮೆ ಕೇಳಿದರು.

“ನೀನ್ ಮಾತು ಬುಟ್ಟಾಗ ನಾನ್ ಮನೆಗ್ ಬರಾಕಿಲ್ವಾ?” ಎಂದರು ದೊಡ್ಡಪ್ಪ. ಅದಾದ ಮೇಲೆ ದೊಡ್ಡವ್ವ ಎರಡು ದಿನ ಮಾತು ಬಿಟ್ಟರು. ದೊಡ್ಡಪ್ಪ ಎರಡೂ ದಿನ ಮನೆಗೆ ಬಂದರು.

ನೀರು ಬಿಡುವುದಕ್ಕೂ ನಮ್ಮೂರಿನಲ್ಲಿ ಒಂದು ಕ್ರಮವುಂಟು. ತೂಬು ಎತ್ತಿದ ದಿನ ಮೊದಲ ನೀರು ಏರಿಯ ಕೆಳಗಿನ ಗದ್ದೆಗೆ ಹೋಗುವುದಿಲ್ಲ, ಬಯಲಿನ ಆ ತುದಿಯ ಕೊನೇ ಗದ್ದೆಗೆ ಹೋಗಬೇಕು. ಅದು ತುಂಬಿದ ಮೇಲೆ ಹಿಂದಕ್ಕೆ ಹಿಂದಕ್ಕೆ ಬಂದು, ತೂಬಿನ ಪಕ್ಕದವನದು ಎಲ್ಲರಿಗಿಂತ ಕೊನೆಗೆ. ದೊಡ್ಡಪ್ಪ ತೂಬಿನ ಹತ್ತಿರ ನಿಂತರೆ ಕೊನೇ ಗದ್ದೆಯ ಬದುವಿನಲ್ಲಿ ದೊಡ್ಡವ್ವ ನಿಲ್ಲುತ್ತಿದ್ದರು. ನೀರು ಅಲ್ಲಿಗೆ ಮುಟ್ಟಿದ ತಕ್ಷಣ ಎರಡೂ ಕೈ ಬಾಯಿಗೆ ಹಿಡಿದು ಅವರು “ಬಂತೂ…” ಎಂದು ಕೂಗಬೇಕು. ಇವರು ಇಲ್ಲಿಂದ “ಎಷ್ಟೂ…” ಎನ್ನಬೇಕು. ಅವರು “ಪಾದಕ್ಕೂ…” ಎಂದೋ “ಕಣಕಾಲ್ಗೂ…” ಎಂದೋ ಹೇಳುತ್ತ ಹೋಗಿ, ಕಡೆಗೆ “ತುಂಬ್ತೂ…” ಎಂದಾಗ ಇವರು ನೀರು ತಿರುಗಿಸಬೇಕು. ಮೊಬೈಲು ಬಂದ ಮೇಲೆ ಈ ಕೂಗು ನಿಂತುಹೋಯಿತು. ಈಗ ಕೊನೇ ಗದ್ದೆಯವನು ಒಂದು ಮಿಸ್ಡ್ ಕಾಲ್ ಕೊಡುತ್ತಾನೆ. ದೊಡ್ಡಪ್ಪನಿಗೆ ಅದು ಹಿಡಿಸಿಲ್ಲ. “ನೀರ್ ಬಂತು ಅನ್ನಾದೂ ಒಂದೇ ಸದ್ದು, ಸಾಲ ಬೇಕಾ ಅನ್ನಾದೂ ಒಂದೇ ಸದ್ದು” ಎಂದು ಬೈಯುತ್ತಾರೆ.

ಇನ್ನು ನನ್ನ ಸಮಾಚಾರ. ನಮ್ಮ ಮನೆತನದಲ್ಲಿ ನನಗಿಂತ ಮೊದಲು ಎಸ್ಸೆಸ್ಸೆಲ್ಸಿ ದಾಟಿದವರಿಲ್ಲ. ನಾನು ಪಿಯುಸಿ ಮುಗಿಸಿ ಹಾರೋಹಳ್ಳಿಯ ಒಂದು ಕಾರ್ಖಾನೆಗೆ ಸೇರಿದೆ. ಪ್ಯಾಕಿಂಗ್ ವಿಭಾಗ. ಎಂಟು ಗಂಟೆ ನಿಂತುಕೊಂಡು ರಟ್ಟಿನ ಡಬ್ಬಕ್ಕೆ ಟೇಪು ಸುತ್ತುವ ಕೆಲಸ. ಅಲ್ಲೇ ಇಬ್ಬರು ಹುಡುಗಿಯರ ಜೊತೆ ರೂಮು ಮಾಡಿಕೊಂಡು, ಭಾನುವಾರ ಊರಿಗೆ ಬರುತ್ತಿದ್ದೆ. ನನ್ನ ಜೊತೆ ಓದಿದವಳೊಬ್ಬಳು ಅದೇ ಕಾರ್ಖಾನೆಯ ಆಫೀಸಿನಲ್ಲಿ ಕುರ್ಚಿ ಮೇಲೆ ಕೂತದ್ದನ್ನು ನೋಡಿದ ದಿನ ಡಿಗ್ರಿ ಮಾಡುವುದೆಂದು ತೀರ್ಮಾನಿಸಿದೆ. ದೊಡ್ಡ ಆದರ್ಶವೇನೂ ಇರಲಿಲ್ಲ. ಕಾಲು ನೋಯುತ್ತಿತ್ತು, ಅಷ್ಟೆ.

ದೂರಶಿಕ್ಷಣದಲ್ಲಿ ಬಿ.ಎ.ಗೆ ಹೆಸರು ಬರೆಸಿ ಬಂದು ಸುದ್ದಿ ಹೇಳಿದಾಗಲೇ ದೊಡ್ಡಪ್ಪ ಆ ಮಾತು ಆಡಿದ್ದು.

“ನಮ್ ಮನೇಲಿ ಡಿಗ್ರಿನಾ? ನಮ್ ಕೆರೆ ಕೋಡಿ ಬಿದ್ದಾಗ ನೋಡನ ಬುಡು.”

ಕೋಡಿ ಬೀಳುವುದೆಂದರೆ ಕೆರೆ ತುಂಬಿ, ಹೆಚ್ಚಿನ ನೀರು ಕಟ್ಟೆಯ ಮೂಲೆಯಿಂದ ಹೊರಗೆ ಧುಮುಕುವುದು. ನಾನು ಹುಟ್ಟಿದ ಮೇಲೆ ನಮ್ಮ ಕೆರೆ ಒಮ್ಮೆಯೂ ಕೋಡಿ ಬಿದ್ದಿರಲಿಲ್ಲ. ಹಾಗಾಗಿ ಆ ಮಾತಿನ ಅರ್ಥ ಊರಿನ ಎಮ್ಮೆಗೂ ಗೊತ್ತಾಯಿತು.

ಹೇಗೋ ಒಂದೊಂದೇ ಪೇಪರು ಪಾಸಾಗುತ್ತ ಬಂದೆ. ಒಂದು ಹಿಸ್ಟರಿ ಪೇಪರು ಮಾತ್ರ ಉಳಿದುಕೊಂಡಿತು. ಅದರಲ್ಲಿ ಪ್ರತಿ ಸಲವೂ ಒಂದು ದೊಡ್ಡ ಪ್ರಶ್ನೆ ಇದ್ದೇ ಇರುತ್ತಿತ್ತು: ಇಂಥ ಇಬ್ಬರು ಅರಸರ ನಾಯಕತ್ವವನ್ನೂ ಪರಂಪರೆಯನ್ನೂ ಹೋಲಿಸಿ. ಇಬ್ಬರಲ್ಲಿ ಯಾರು ಹೆಚ್ಚು ಎಂದು ಕೇಳಿದರೆ ನಮ್ಮ ಕಡೆ ಯಾರಾದರೂ ಬಾಯಿ ಬಿಡುತ್ತಾರೆಯೇ? ಒಂದೇ ಬೀದಿಯಲ್ಲಿ ಇಬ್ಬರೂ ಇರುತ್ತಾರಲ್ಲ! ನಾನು ಗೈಡು ಉರು ಹೊಡೆದೆ. ಪರೀಕ್ಷೆಯ ಹಾಲಿನಲ್ಲಿ ಗೈಡಿನ ಎರಡು ಪುಟ ತಲೆಯೊಳಗೆ ಅಂಟಿಕೊಂಡು, ಅಕ್ಬರ್ ಕಳಿಂಗ ಯುದ್ಧ ಗೆದ್ದು ಪಶ್ಚಾತ್ತಾಪಪಟ್ಟ, ಅಶೋಕ ಬೀರಬಲ್ಲನನ್ನು ಆಸ್ಥಾನಕ್ಕೆ ಕರೆಸಿಕೊಂಡ. ಮೊದಲ ಸಲ ಫೇಲಾದದ್ದು ಹಾಗೆ. ನ್ಯಾಯವಾದ ಫೇಲು.

ಫೇಲಾದ ಭಾನುವಾರ ಪುಸ್ತಕ ಹಿಡಿದುಕೊಂಡು ಕೆರೆ ಏರಿ ಮೇಲೆ ಹೋಗಿ ಕೂತೆ. ಮನೆಯಲ್ಲಿ ಟಿವಿ, ಏರಿಯಲ್ಲಿ ಗಾಳಿ. ದೊಡ್ಡಪ್ಪ ಪಕ್ಕದಲ್ಲಿ ಬಂದು ಕೂತು, “ಬಾಯ್ಬುಟ್ ಓದು, ನಾನೂ ಒಸಿ ಕೇಳ್ತೀನಿ” ಎಂದರು. ಅವರಿಗೆ ಓದಲು ಬರುವುದಿಲ್ಲ. ಕೇಳಿದ್ದನ್ನು ಮರೆಯಲೂ ಬರುವುದಿಲ್ಲ.

ಅಶೋಕನಿಂದ ಶುರು ಮಾಡಿದೆ. ದಾರಿಯ ಪಕ್ಕ ಮರ ನೆಡಿಸಿದ, ಬಾವಿ ತೋಡಿಸಿದ, ಬಂಡೆಗಳ ಮೇಲೆ ಶಾಸನ ಬರೆಸಿದ.

“ಬಾವಿ ತೋಡ್ಸಿದ್ನಾ? ಪರ್ವಾಗಿಲ್ಲ. ಹೂಳು ಎತ್ತೋರು ಯಾರು ಅಂತ ಬರ್ದವ್ರಾ?”

“ಇಲ್ಲ ದೊಡ್ಡಪ್ಪ.”

“ಮರ ನೆಡ್ಸಿದ್ನಲ್ಲ, ನೀರ್ ಹಾಕೋರು?”

“ಅದೂ ಇಲ್ಲ.”

“ಮತ್ತೆ ಬಂಡೆ ಮ್ಯಾಲೆ ಏನ್ ಬರ್ಸಿದ್ದು ಮಹರಾಯ?” ಎಂದು ಸಾವನದುರ್ಗದ ಕಡೆ ಕೈ ತೋರಿಸಿದರು. “ದೇಸ ಎಲ್ಲ ಸುತ್ತಿ ಬರ್ಸವ್ನೆ ಅಂತೀಯ. ಅಷ್ಟ್ ದೊಡ್ಡ ಬಂಡೆ ಖಾಲಿ ಬುಟ್ಬುಟ್ಟು ಹೋಗವ್ನೆ. ಇಲ್ಲಿಗಂಟ ಬಂದಿರ್ನಿಲ್ಲ ಬುಡು ಅವ್ನು. ಬಂದಿದ್ರೆ ಬುಡ್ತಿದ್ನಾ?”

ನಾನು ಮುಂದಿನ ಪಾಠಕ್ಕೆ ಹೋದೆ.

ಹೀಗೆ ಭಾನುವಾರಕ್ಕೆ ಒಬ್ಬೊಬ್ಬ ರಾಜನಂತೆ ವಿಚಾರಣೆ ನಡೆಯಿತು. ದೊಡ್ಡಪ್ಪನ ಬಳಿ ಇದ್ದದ್ದು ಒಂದೇ ಅಳತೆಗೋಲು. ಎಷ್ಟು ಯುದ್ಧ ಗೆದ್ದ, ಎಷ್ಟು ರಾಜ್ಯ ಆಳಿದ ಎನ್ನುವುದೆಲ್ಲ ಅವರ ಲೆಕ್ಕಕ್ಕೆ ಬರುತ್ತಿರಲಿಲ್ಲ. ಕೆರೆ ಕಟ್ಟಿಸಿದನಾ? ತೂಬು ಇಡಿಸಿದನಾ? ತೂಬಿಗೆ ಒಬ್ಬ ಆಳು ಇಟ್ಟನಾ? ಮೂರಕ್ಕೂ ಹೂಂ ಎಂದರೆ ಪಾಸು.

ತುಘಲಕ್ ರಾಜಧಾನಿಯನ್ನು ದೆಹಲಿಯಿಂದ ದೌಲತಾಬಾದಿಗೆ ಎತ್ತಿಕೊಂಡು ಹೋಗಿ ಮತ್ತೆ ವಾಪಸು ತಂದದ್ದನ್ನು ಓದಿದಾಗ ಅವರು ಎದ್ದು ಟವೆಲು ಕೊಡವಿ ಹೊರಟೇಬಿಟ್ಟರು. “ನಮ್ಮೂರ್ ಜಯಣ್ಣ ಹಿಂಗೇ ಕುರಿ ಹಟ್ಟಿ ಮೂರ್ ಸಲ ಎತ್ತಿ ಮೂರ್ ಸಲ ಕಟ್ದ. ಅವ್ನ ಮ್ಯಾಲೆ ಯಾರೂ ಪುಸ್ತಕ ಬರೀನಿಲ್ಲ ನೋಡು.”

ಅಕ್ಬರ್ ಮಾತ್ರ ಮೊದಲಿಗೆ ಚೆನ್ನಾಗಿಯೇ ಹೊರಟ. ಎಲ್ಲ ಜಾತಿ ಮತದವರನ್ನೂ ಕೂರಿಸಿಕೊಂಡು ಮಾತಾಡಿದ, ಜಮೀನು ಅಳೆಸಿ ಕಂದಾಯ ನಿಗದಿ ಮಾಡಿಸಿದ ಎಂದು ಓದುತ್ತಿದ್ದರೆ ದೊಡ್ಡಪ್ಪ ತಲೆ ತೂಗುತ್ತಿದ್ದರು. ಅಲ್ಲಿಗೇ ಪುಸ್ತಕ ಮುಚ್ಚಬೇಕಿತ್ತು ನಾನು. ಮುಂದೆ ಫತೇಪುರ್ ಸಿಕ್ರಿ ಬಂತು. ಅಷ್ಟು ಚಂದದ ರಾಜಧಾನಿ ಕಟ್ಟಿಸಿ ಕೆಲವೇ ವರ್ಷಕ್ಕೆ ಬಿಟ್ಟುಹೋದದ್ದಕ್ಕೆ ನೀರಿನ ಅಭಾವವೂ ಒಂದು ಕಾರಣ ಎನ್ನುತ್ತಾರೆ ಎಂದಿತ್ತು.

ದೊಡ್ಡಪ್ಪ ತಲೆ ತೂಗುವುದನ್ನು ನಿಲ್ಲಿಸಿದರು. “ಏನಂದೆ?”

ಇನ್ನೊಮ್ಮೆ ಓದಿದೆ.

“ಅರ್ಮನೆ ಕಟ್ಟೋಕ್ ಮುಂಚೆ ನೀರ್ ನೋಡ್ನಿಲ್ವಾ? ಪಾಯ ತೆಗೆದಾಗ್ಲೂ ಒಬ್ರೂ ಯೋಳ್ನಿಲ್ವಾ? ಆಸ್ಥಾನದಾಗೆ ಒಂಬತ್ ಜನ ಬುದ್ದಿವಂತ್ರು ಇದ್ರು ಅಂದೆ. ಒಂಬತ್ರಲ್ಲಿ ಒಬ್ಬ ನೀರುಗಂಟಿ ಇರ್ನಿಲ್ವಾ?”

“ಇರಲಿಲ್ಲ ದೊಡ್ಡಪ್ಪ. ಸಂಗೀತಗಾರ ಇದ್ದ.”

“ಹಾಡ್ಕೊಂಡ್ ಕೂತ್ಕೋ ಅನ್ನು. ಫೇಲು.”

ಶೇರ್ ಶಹನ ಭಾನುವಾರವನ್ನು ಮಾತ್ರ ನಾನು ಮರೆಯುವ ಹಾಗಿಲ್ಲ. ಆಳಿದ್ದು ಐದೇ ವರ್ಷ, ಅಷ್ಟರಲ್ಲಿ ದೂರ ದೂರಕ್ಕೆ ರಸ್ತೆ, ರಸ್ತೆ ಪಕ್ಕ ಛತ್ರ, ಛತ್ರಕ್ಕೊಂದು ಬಾವಿ, ನೋಡಿಕೊಳ್ಳಲು ಆಳು. ದೊಡ್ಡಪ್ಪ ಆಳು ಎಂಬ ಮಾತಿಗೆ ಕಣ್ಣರಳಿಸಿ ನನ್ನ ಕಡೆ ತಿರುಗಿದರು.

“ಐದ್ ವರ್ಸದಲ್ಲಿ ಅವ್ನು ಇಷ್ಟ್ ಮಾಡ್ದ. ನೀನ್ ಡಿಗ್ರಿ ಕಟ್ಟಿ ಎಷ್ಟ್ ವರ್ಸ ಆಯ್ತಮ್ಮಿ?”

ಐದಾಗಿತ್ತು. ನಾನು ಪುಸ್ತಕ ಮುಚ್ಚಿದೆ.

ಇಷ್ಟೆಲ್ಲ ಆದ ಮೇಲೆ ಒಂದು ದಿನ ಅವರು ಕೇಳಿದರು: “ಅಲ್ಲ ಕಣಮ್ಮಿ, ಪರಂಪರೆ ಪರಂಪರೆ ಅಂತೀಯಲ್ಲ, ಏನ್ ಹಂಗಂದ್ರೆ?”

“ರಾಜ ಸತ್ತ ಮೇಲೂ ಉಳಿಯೋದು ದೊಡ್ಡಪ್ಪ.”

“ಉಳಿಯಾದು ಹೂಳು” ಎಂದರು ದೊಡ್ಡಪ್ಪ. “ನೀರ್ ಬರ್ತದೆ, ಹೋಯ್ತದೆ. ತಳದಲ್ಲಿ ಉಳಿಯಾದು ಹೂಳೇಯ. ರಾಜಂದಾದ್ರೂ ಅಷ್ಟೆ, ನಂದಾದ್ರೂ ಅಷ್ಟೆ.”

ಅಂದಿನಿಂದ ನಮ್ಮಿಬ್ಬರ ನಡುವೆ ಪರಂಪರೆಗೆ ಹೂಳು ಎಂಬ ಹೆಸರೇ ಬಿದ್ದುಹೋಯಿತು. “ಕೃಷ್ಣದೇವರಾಯನ ಹೂಳು ಓದಿದ್ಯಾ?” ಎಂದು ಅವರು ಕೇಳುವುದು, “ಅರ್ಧ ಓದಿದೀನಿ” ಎಂದು ನಾನು ಹೇಳುವುದು. ತಮಾಷೆಯಾಗಿತ್ತು. ತಮಾಷೆ ಮುಗಿದದ್ದು ಎರಡನೆಯ ಸಲದ ಪರೀಕ್ಷೆಯಲ್ಲಿ. ಪ್ರಶ್ನೆ ಗೊತ್ತಿದ್ದದ್ದೇ. ಸರಸರ ಬರೆದು, ತಲೆಬರಹಗಳಿಗೆ ಸ್ಕೇಲು ಇಟ್ಟು ಗೆರೆ ಎಳೆದು, ಗಂಟೆ ಹೊಡೆದಾಗ ಪತ್ರಿಕೆ ಕೊಡಲು ಎದ್ದು ನಿಂತೆ. ಆಗ ಕಣ್ಣಿಗೆ ಬಿತ್ತು, ನನ್ನದೇ ದುಂಡು ಅಕ್ಷರದಲ್ಲಿ, ಎರಡು ಗೆರೆ ಎಳೆದ ತಲೆಬರಹ: ‘ಅಶೋಕನ ಹೂಳು’. ಕೆಳಗೆ, ‘ಅಶೋಕನ ಹೂಳು ಇಂದಿಗೂ ಭಾರತದಾದ್ಯಂತ ಕಂಡುಬರುತ್ತದೆ.’ ತಿದ್ದುವಷ್ಟರಲ್ಲಿ ಪತ್ರಿಕೆ ಮೇಷ್ಟರ ಕೈಗೆ ಹೋಗಿತ್ತು.

ಮೂರು ಅಂಕದಲ್ಲಿ ಫೇಲಾದೆ. ಆ ಮೂರು ಅಂಕ ಹೂಳಿನಲ್ಲೇ ಹೋಯಿತೆಂದು ನಾನು ಇಂದಿಗೂ ನಂಬಿದ್ದೇನೆ.

ಈಗ ನಗು ಬರುತ್ತದೆ, ಆಗ ಬರಲಿಲ್ಲ. ದೂರಶಿಕ್ಷಣಕ್ಕೆ ಹೆಸರು ಬರೆಸಿದವರು ಇಂತಿಷ್ಟು ವರ್ಷದೊಳಗೆ ಎಲ್ಲ ಪೇಪರೂ ಮುಗಿಸಬೇಕು ಎಂಬ ನಿಯಮವಿತ್ತು. ನನ್ನ ಲೆಕ್ಕದಲ್ಲಿ ಉಳಿದದ್ದು ಇನ್ನೊಂದೇ ಪರೀಕ್ಷೆ. ಅದೂ ಹೋದರೆ ಪಾಸಾದ ಪೇಪರುಗಳೂ ಹೋದ ಹಾಗೆ, ಮತ್ತೆ ಮೊದಲಿನಿಂದ. ಅಷ್ಟು ವರ್ಷದ ಭಾನುವಾರಗಳನ್ನು ಇನ್ನೊಮ್ಮೆ ಎಲ್ಲಿಂದ ತರಲಿ? ಅವ್ವ, “ಸಾಕ್ ಬುಡು ಮಗ, ಮೈ ಕರಗೋಗೈತೆ” ಎಂದಳು. ನಾನೂ ಸಾಕು ಎಂದುಕೊಂಡೆ. ಪುಸ್ತಕಗಳನ್ನು ಒಂದು ರಟ್ಟಿನ ಡಬ್ಬದಲ್ಲಿಟ್ಟು, ನನಗೆ ಚೆನ್ನಾಗಿ ಬರುವ ಕೆಲಸವನ್ನೇ ಮಾಡಿದೆ: ಟೇಪು ಸುತ್ತಿದೆ.

ಆ ವರ್ಷವೇ ಮಳೆ ಹುಚ್ಚಾಪಟ್ಟೆ ಬಂತು. ಮೇಲಿನ ಕೆರೆಗಳೆಲ್ಲ ತುಂಬಿ, ನೀರು ಹಳ್ಳ ಹಿಡಿದು ಬಂದು, ಒಂದು ಭಾನುವಾರ ಬೆಳಿಗ್ಗೆ ನಮ್ಮ ಕೆರೆ ಕೋಡಿ ಬಿತ್ತು. ಊರೆಲ್ಲ ಓಡಿತು. ಮುದುಕಿಯರು ಬಾಗಿನ ಬಿಟ್ಟರು, ಹುಡುಗರು ಫೋನು ಹಿಡಿದು ನಿಂತರು. ಯಾರೋ ದೊಡ್ಡಪ್ಪನ ಕೊರಳಿಗೆ ಹೂವಿನ ಹಾರ ಹಾಕಿದರು. ಎಲ್ಲರ ಮುಖದಲ್ಲೂ ನಗು. ದೊಡ್ಡಪ್ಪನ ಮುಖ ಮಾತ್ರ ಸಾವಿನ ಮನೆಗೆ ಬಂದವರ ಹಾಗಿತ್ತು. ಹಾರ ಹಾಕಿಕೊಂಡೇ ನೇರವಾಗಿ ನಮ್ಮ ಮನೆಗೆ ಬಂದರು.

“ಕೋಡಿ ಬಿದ್ದೋಯ್ತು” ಎಂದರು.

“ಒಳ್ಳೇದೇ ಆಯ್ತಲ್ಲ ದೊಡ್ಡಪ್ಪ.”

“ಏನ್ ಒಳ್ಳೇದು? ನಾನ್ ಏನಂದಿದ್ದೆ? ಕೆರೆ ಕೋಡಿ ಬಿದ್ದಾಗ ನಮ್ ಮನೇಲಿ ಡಿಗ್ರಿ ಆಯ್ತದೆ ಅಂದಿದ್ದೆ. ಅಂದಿದ್ನೋ ಇಲ್ವೋ?”

“ಅದು ನೀವು ಆಗಲ್ಲ ಅನ್ನೋ ಅರ್ಥದಲ್ಲಿ…”

“ಅರ್ತ ಯಾರ್ ಕೇಳ್ತಾರೆ? ಮಾತ್ ಆಡಿದ್ದು ನಾನು. ಊರೆಲ್ಲ ಕೇಳೈತೆ. ಕೆರೆ ತನ್ ಮಾತು ಉಳ್ಸ್ಕತು. ಈಗ ನೀನ್ ಪಾಸಾಗ್ನಿಲ್ಲ ಅಂದ್ರೆ ಸುಳ್ಳುಗಾರ ಯಾರು? ನಾನು. ಈ ವಯಸ್ನಲ್ಲಿ ನನ್ ಮಾತು ಕೆಡಿಸ್ಬೇಡ ಕಣಮ್ಮಿ. ಎಲ್ಲಿ ಆ ಪುಸ್ತಕ?”

ಹಿಂದಿನಿಂದ ಬಂದ ದೊಡ್ಡವ್ವ, “ಆಗಾಕಿಲ್ಲ ಅಂದೋನೂ ನೀನೇ, ಮಾಡು ಅನ್ನೋನೂ ನೀನೇ” ಎಂದರು.

“ನೀನ್ ಸುಮ್ಕಿರು. ಅದು ರಾಜಕೀಯ, ನಿಂಗ್ ತಿಳಿಯಾಕಿಲ್ಲ.”

ಡಬ್ಬದ ಟೇಪನ್ನು ದೊಡ್ಡಪ್ಪ ತಮ್ಮ ಕುಡುಗೋಲಿನಿಂದಲೇ ಕೊಯ್ದರು.

ಕಡೇ ಪರೀಕ್ಷೆಗೆ ಬೆಂಗಳೂರಿನ ಸೆಂಟರು ಬಿದ್ದಿತ್ತು. ಬೆಳಗಿನ ಮೊದಲ ಬಸ್ಸಿಗೆ ಹೊರಟರೆ, ದೊಡ್ಡಪ್ಪ ಒಗೆದ ಪಂಚೆ ಉಟ್ಟು ಬಸ್‌ಸ್ಟಾಪಿನಲ್ಲಿ ನನಗಿಂತ ಮೊದಲೇ ನಿಂತಿದ್ದರು. “ಎರಡ್ ಸಲ ನಿನ್ನ ಫೇಲ್ ಮಾಡವ್ರಲ್ಲ, ಯಾರಪ್ಪ ಅವ್ರು ನೋಡ್ಬುಡನ ಅಂತ” ಎಂದರು.

ಮಾಗಡಿಯಿಂದ ಬೆಂಗಳೂರಿನವರೆಗೂ ನಾನು ಪುಸ್ತಕ ತೆಗೆಯಲಿಲ್ಲ. ಮೆಜೆಸ್ಟಿಕ್‌ನಲ್ಲಿ ಇಳಿದಾಗ ಪರೀಕ್ಷೆಗೆ ಇನ್ನೂ ಹೊತ್ತಿತ್ತು. ಏನಾದರೂ ಮಾತಾಡಬೇಕಲ್ಲ ಎಂದು, “ದೊಡ್ಡಪ್ಪ, ಈ ಬಸ್‌ಸ್ಟ್ಯಾಂಡು ಮೊದಲು ಕೆರೆಯಾಗಿತ್ತಂತೆ. ಕೆಂಪೇಗೌಡರ ಕಾಲದ್ದಂತೆ” ಎಂದೆ.

ತಪ್ಪು ಮಾಡಿದೆ.

ನಮ್ಮ ಮಾಗಡಿ ಸೀಮೆಯಲ್ಲಿ ಕೆಂಪೇಗೌಡರ ಬಗ್ಗೆ ಯಾರೂ ವಿಚಾರಣೆ ನಡೆಸುವುದಿಲ್ಲ. ನಮ್ಮವರು, ಊರು ಕಟ್ಟಿದವರು, ಮುಗಿಯಿತು. ದೊಡ್ಡಪ್ಪ ಕೂಡ ಪುಸ್ತಕ ಓದಿಸದೆಯೇ ಅವರಿಗೆ ಪೂರ್ತಿ ಅಂಕ ಕೊಟ್ಟುಬಿಟ್ಟಿದ್ದರು. ಈಗ ಅವರು ಬಸ್ಸುಗಳ ನಡುವೆ ಗಕ್ಕನೆ ನಿಂತರು. ಕಾಲ ಕೆಳಗಿನ ಸಿಮೆಂಟನ್ನು ಒಮ್ಮೆ, ಆಚೆ ರಸ್ತೆಯನ್ನು ಒಮ್ಮೆ ನೋಡಿ, ನೆಲದ ಇಳಿಜಾರು ಯಾವ ಕಡೆಗಿದೆ ಎಂದು ಕಣ್ಣಿನಲ್ಲೇ ಅಳೆದರು. ಆಮೇಲೆ ಟಿಕೆಟ್ ಮಷಿನ್ ಹಿಡಿದು ಕಾಫಿ ಕುಡಿಯುತ್ತಿದ್ದ ಒಬ್ಬ ಕಂಡಕ್ಟರ ಬಳಿಗೆ ಹೋಗಿ ಕೇಳಿದರು: “ಸ್ವಾಮಿ, ಇದ್ರ ತೂಬು ಎಲ್ಲೈತೆ?”

“ಯಾವೂರಿಗೆ ಅಜ್ಜ?” ಎಂದರು ಕಂಡಕ್ಟರು.

“ಊರಲ್ಲಪ್ಪ, ತೂಬು. ನೀರ್ ಬುಡಾದು.”

“ನೀರಾ? ಅಲ್ಲಿ ನಲ್ಲಿ ಐತೆ ನೋಡಿ.”

ದೊಡ್ಡಪ್ಪ ನಲ್ಲಿಯ ಕಡೆ ನೋಡಿದರು. ಅದರಿಂದ ಒಂದೊಂದೇ ಹನಿ ತೊಟ್ಟಿಕ್ಕುತ್ತಿತ್ತು. “ಇಷ್ಟ್ ದೊಡ್ಡ ಕೆರೆಗೆ ಇಷ್ಟೇನಾ” ಎಂದು ಗೊಣಗಿ, ನಲ್ಲಿಯ ಹತ್ತಿರ ಹೋಗಿ, ಅದನ್ನು ಬಿಗಿಯಾಗಿ ತಿರುಗಿಸಿ ಹನಿ ನಿಲ್ಲಿಸಿ ಬಂದರು. ಇಬ್ಬರೂ ಸಿಟಿ ಬಸ್ಸು ಹತ್ತಿದೆವು.

“ಕೆಂಪೇಗೌಡ್ರೂ ಫೇಲಾ ದೊಡ್ಡಪ್ಪ?” ಎಂದು ಕೇಳಿದೆ, ಭಯದಿಂದಲೇ. ಯಾರಾದರೂ ಮಾಗಡಿಯವರು ಬಸ್ಸಿನಲ್ಲಿದ್ದರೆ ಏನು ಗತಿ?

“ಇಲ್ಲ ಕಣಮ್ಮಿ. ಕಟ್ದೋರ್ದು ತಪ್ಪಿಲ್ಲ” ಎಂದರು. “ಕಟ್ಟಾದು ಒಂದ್ ಸಲದ ಕೆಲ್ಸ. ಕಾಯಾದು ದಿನಾ ಕೆಲ್ಸ. ದಿನಾ ಬಂದು ನೋಡೋನ್ ಒಬ್ಬ ಇದ್ದಿದ್ರೆ ಇಲ್ಲಿ ಬಸ್ ನಿಲ್ತಿತ್ತಾ? ಹೂಳ್ ತುಂಬ್ತು, ಎತ್ತೋರ್ ಇರ್ನಿಲ್ಲ. ನಮ್ಮೂರಾಗೆ ನಾವು ಹೂಳ್ ಎತ್ತಿ ಹೊಲಕ್ಕೆ ಹೊಡೀತೀವಿ. ಅದೇ ಹೂಳು ಕೆರೇಲಿದ್ರೆ ಕೆರೆ ಹಾಳು, ಹೊಲದಲ್ಲಿದ್ರೆ ರಾಗಿ ಎದೆ ಮಟ್ಟ ಬರ್ತದೆ. ಎತ್ತೋರ್ ಬೇಕು ಅಷ್ಟೆ.”

ಸೆಂಟರಿನ ಗೇಟಿನಲ್ಲಿ ವಾಚ್‌ಮನ್ ಅವರನ್ನು ಒಳಗೆ ಬಿಡಲಿಲ್ಲ. ಫೇಲು ಮಾಡುವವರನ್ನು ನೋಡುವ ಆಸೆ ಅಲ್ಲಿಗೇ ನಿಂತಿತು. ಎದುರಿನ ಮರದ ಕೆಳಗೆ ಟವೆಲು ಹಾಸಿ ಕೂತರು.

ಪ್ರಶ್ನೆಪತ್ರಿಕೆ ತೆಗೆದರೆ, ಆ ಸಲ ಹೆಸರುಗಳನ್ನೇ ಕೊಟ್ಟಿರಲಿಲ್ಲ. ‘ನಿಮಗೆ ತಿಳಿದಿರುವ ಯಾವುದಾದರೂ ಇಬ್ಬರು ಅರಸರ ನಾಯಕತ್ವ ಮತ್ತು ಪರಂಪರೆಯನ್ನು ಹೋಲಿಸಿ.’ ಗೈಡಿನಲ್ಲಿ ಇದಕ್ಕೆ ಉತ್ತರವಿರಲಿಲ್ಲ. ಕಿಟಕಿಯಿಂದ ನೋಡಿದೆ. ಕಾಂಪೌಂಡಿನಾಚೆ ದೊಡ್ಡಪ್ಪನ ಬಿಳಿ ತಲೆ ಕಾಣುತ್ತಿತ್ತು. ಪಕ್ಕದಲ್ಲಿ ಕೂತಿದ್ದ ಯಾರಿಗೋ ಕೈ ಆಡಿಸಿ ಏನೋ ಹೇಳುತ್ತಿದ್ದರು. ಅಕ್ಬರ್‌ನ ವಿಷಯವೇ ಇರಬೇಕು.

ನಾನು ಅಕ್ಬರ್‌ನನ್ನೂ ಕೆಂಪೇಗೌಡರನ್ನೂ ತೆಗೆದುಕೊಂಡೆ. ನೀರು ಸಾಲದೆ ಬಿಟ್ಟುಹೋದ ಒಂದು ರಾಜಧಾನಿ. ಮೊದಲು ನೀರಿಗೆಂದು ಕೆರೆ ತೋಡಿಸಿ ಕಟ್ಟಿದ ಒಂದು ಊರು. ಕಂದಾಯ, ಕೋಟೆ, ಪೇಟೆ ಎಲ್ಲ ಬರೆದೆ, ಗೈಡನ್ನು ಮರೆತಿರಲಿಲ್ಲ. ಕೊನೆಗೆ ಆ ತಲೆಬರಹ ಬಂತು. ಪೆನ್ನು ನಿಂತಿತು. ಆಮೇಲೆ ಬೇಕೆಂದೇ, ತಿಳಿದೇ ಬರೆದೆ. ‘ಪರಂಪರೆ ಎಂದರೆ ಕೆರೆಯ ಹೂಳಿದ್ದಂತೆ. ಅರಸ ಹೋದ ಮೇಲೆ ತಳದಲ್ಲಿ ಉಳಿಯುತ್ತದೆ. ಅದನ್ನು ಎತ್ತಿ ಹೊಲಕ್ಕೆ ಹಾಕುವ ಜನರಿದ್ದರೆ ಬೆಳೆ. ಇಲ್ಲದಿದ್ದರೆ ಕೆರೆಯೇ ಮುಚ್ಚಿಹೋಗುತ್ತದೆ. ಅರಸ ಏನು ಕಟ್ಟಿಸಿದ ಎನ್ನುವುದರ ಜೊತೆಗೆ, ಕಟ್ಟಿಸಿದ್ದನ್ನು ಕಾಯಲು ಯಾರನ್ನು ಇಟ್ಟ ಎಂಬುದನ್ನೂ ಕೇಳಬೇಕು.’ ಎರಡು ಗೆರೆ ಎಳೆದೆ. ಹೋದರೆ ಹೋಗಲಿ ಎನ್ನಿಸಿತು. ಹಾಗೆನ್ನಿಸಿದ್ದು ಪತ್ರಿಕೆ ಕೊಡುವ ತನಕ ಮಾತ್ರ. ಕೊಟ್ಟ ಮೇಲೆ ರಿಸಲ್ಟು ಬರುವವರೆಗೂ ಸರಿಯಾಗಿ ಉಣ್ಣಲಿಲ್ಲ.

ರಿಸಲ್ಟು ಬಂದಾಗ ನಾನು ಕಾರ್ಖಾನೆಯಲ್ಲಿದ್ದೆ. ಊಟದ ಬಿಡುವಿನಲ್ಲಿ ರೂಮಿನ ಹುಡುಗಿ ತನ್ನ ಫೋನಿನಲ್ಲಿ ನನ್ನ ನಂಬರು ಹಾಕಿದಳು. ಆ ಪುಟ ತೆರೆದುಕೊಳ್ಳುತ್ತ, ತೆರೆದುಕೊಳ್ಳುತ್ತ… ಐವತ್ತೆರಡು. ಪಾಸು. ಅವಳು ಕಿರುಚಿದಳು. ನಾನು ಅಲ್ಲೇ ಒಂದು ಡಬ್ಬದ ಮೇಲೆ ಕೂತುಬಿಟ್ಟೆ. ಸಂತೋಷವೆಂದು ಹೇಳಲಾರೆ. ತಲೆ ಮೇಲೆ ಹೊರೆ ಹೊತ್ತು ಮೈಲಿಗಟ್ಟಲೆ ನಡೆದವರು ಹೊರೆ ಇಳಿಸಿದ ಮೇಲೂ ಒಂದು ಕ್ಷಣ ಕತ್ತು ಬಿಗಿಹಿಡಿದೇ ಇರುತ್ತಾರಲ್ಲ, ಹಾಗೆ. ಆಮೇಲೆ ಕತ್ತು ಸಡಿಲವಾಯಿತು, ಉಸಿರು ಬಂತು. ಊಟದ ಡಬ್ಬಿ ಬಿಚ್ಚಿ ತಣ್ಣಗಾಗಿದ್ದ ಮುದ್ದೆಯನ್ನು ಪೂರ್ತಿ ತಿಂದೆ. ಅಂಥ ರುಚಿಯ ಮುದ್ದೆ ಮತ್ತೆ ಸಿಕ್ಕಿಲ್ಲ.

ಫೋನ್ ಮಾಡಿದರೆ ದೊಡ್ಡಪ್ಪ ಖುಷಿಪಡಲಿಲ್ಲ. “ಫೋನ್ ಮಾತ್ ನಂಬಾಕಾಗಾಕಿಲ್ಲ. ಕಾಗ್ದ ಬರ್ಲಿ” ಎಂದರು. ಮಿಸ್ಡ್ ಕಾಲ್ ಮೇಲಿನ ಹಳೆಯ ಸಿಟ್ಟು.

ಕಾಗದ ಬರಲು ತಿಂಗಳುಗಳೇ ಹಿಡಿದವು. ಸರ್ಟಿಫಿಕೇಟು ಕೈಗೆ ಸಿಕ್ಕ ಶನಿವಾರ ಅದನ್ನು ಪ್ಲಾಸ್ಟಿಕ್ ಕವರಿನಲ್ಲಿಟ್ಟು, ಮಡಚಬಾರದೆಂದು ಇಡೀ ದಾರಿ ಎದೆಗೆ ಒತ್ತಿಕೊಂಡು ಬಂದೆ. ಭಾನುವಾರ ಬೆಳಿಗ್ಗೆ ಏರಿ ಮೇಲೆ ಹೋದಾಗ ದೊಡ್ಡಪ್ಪ ತೂಬಿನ ಹತ್ತಿರ ಕಸ ತೆಗೆಯುತ್ತಿದ್ದರು. ನನ್ನ ಕೈಲಿದ್ದುದನ್ನು ನೋಡಿ ಕೆಳಗಿಳಿದು ಕೈ ತೊಳೆದುಕೊಂಡರು. ಟವೆಲಿನಿಂದ ಒರೆಸಿಕೊಂಡರು. ಸಾಲದು ಎನ್ನಿಸಿತೇನೋ, ಮತ್ತೊಮ್ಮೆ ತೊಳೆದುಕೊಂಡು ಬಂದು ಎರಡೂ ಕೈ ಚಾಚಿದರು.

ಕೊಟ್ಟೆ.

ಏರಿ ಮೇಲೆ ಕೂತು ಬಹಳ ಹೊತ್ತು ನೋಡಿದರು. ಅಕ್ಬರ್‌ನನ್ನು ಫೇಲು ಮಾಡಿದ ಮನುಷ್ಯ ಇದರಲ್ಲೂ ಏನಾದರೂ ಕೊರತೆ ಹುಡುಕುತ್ತಾರೆಂದು ನಾನು ಕಾದಿದ್ದೆ. ಸೀಲು ವಾರೆಯಾಗಿದೆ ಎನ್ನಬಹುದು. ಐವತ್ತೆರಡು ಯಾಕೆ, ಉಳಿದದ್ದು ಎಲ್ಲಿ ಸೋರಿತು ಎಂದು ಕೇಳಬಹುದು.

“ಇದ್ರಲ್ಲಿ ನಿನ್ ಹೆಸ್ರು ಎಲ್ಲೈತೆ?”

ತೋರಿಸಿದೆ. ಕವರಿನ ಮೇಲಿಂದ ಬೆರಳಿಟ್ಟು, ಆ ತುದಿಯಿಂದ ಈ ತುದಿಯವರೆಗೆ ನಿಧಾನವಾಗಿ ಸವರಿದರು, ಬದುವಿನ ಮೇಲೆ ನಡೆದ ಹಾಗೆ.

“ನಮ್ ಗದ್ದೆ ತೂಬಿನ್ ಪಕ್ಕದ್ದು, ನೀರ್ ಬರಾದು ಎಲ್ರಿಗಿಂತ ಕಡೇಗೆ” ಎಂದರು, ನನ್ನ ಕಡೆ ನೋಡದೆ. “ನಂಗೆ ಅಕ್ಸರ ಬರ್ಲಿ ಅಂತ ನಮ್ಮಪ್ಪಂಗೆ ಭಾಳ ಆಸೆ ಇತ್ತು. ಇಸ್ಕೂಲಿನ ತಂಕ ಕರ್ಕೊಂಡೋಗಿ ಬುಟ್ಟ. ನಾನ್ ನೀರ್ ನೋಡಾಕೆ ಓಡ್ ಬಂದ್ಬುಟ್ಟೆ. ಅವತ್ತಿಂದ ಅಂದ್ಕೊಂಡಿದ್ದೆ, ಆ ನೀರು ನಮ್ ಗದ್ದೆಗೆ ಬರಾಕಿಲ್ಲ ಅಂತ.”

ಆಗದ ಕೆಲಸ ಎಂದು ಎರಡೆರಡು ಸಲ ಅವರು ಹೇಳಿದ್ದು ನನ್ನ ಬಗ್ಗೆಯಲ್ಲ ಎಂದು ಹೊಳೆಯಲು ನನಗೆ ಒಂದು ಡಿಗ್ರಿಯೇ ಬೇಕಾಯಿತು.

ದೊಡ್ಡಪ್ಪ ಎದ್ದರು. ಸರ್ಟಿಫಿಕೇಟನ್ನು ಕಂಕುಳಲ್ಲಿ ಭದ್ರವಾಗಿ ಇರುಕಿಕೊಂಡು, ಊರಿನ ಕಡೆ ತಿರುಗಿ, ಎರಡೂ ಕೈ ಬಾಯಿಗೆ ಹಿಡಿದರು.

“ಬಂತೂ…”

ಆ ಕೂಗು ಕೇಳಿ ಎಷ್ಟು ವರ್ಷವಾಗಿತ್ತು! ಬಯಲಿನಲ್ಲಿದ್ದವರು ಗುದ್ದಲಿ ನಿಲ್ಲಿಸಿ ಏರಿಯ ಕಡೆ ನೋಡಿದರು. ಆಮೇಲೆ ಊರೊಳಗಿಂದ, ನಮ್ಮ ಹಿತ್ತಲಿನ ಕಡೆಯಿಂದ, ದೊಡ್ಡವ್ವನ ಗಂಟಲು ಕೇಳಿತು.

“ಎಷ್ಟೂ…”

ದೊಡ್ಡಪ್ಪ ನನ್ನ ಕಡೆ ತಿರುಗಿದರು. “ಐವತ್ತೆರಡು” ಎಂದು ನಾನು ಮೆಲ್ಲಗೆ ಹೇಳಿಕೊಟ್ಟೆ.

ಅವರು ಬೇಡವೆನ್ನುವಂತೆ ತಲೆಯಾಡಿಸಿ, ಮತ್ತೆ ಊರಿನ ಕಡೆ ತಿರುಗಿ ಉಸಿರು ತುಂಬಿಕೊಂಡರು.

“ತುಂಬ್ತೂ…”